ಆಫೀಸಿನ್ಯಾಗ ಚಿತ್ರಾ ಜೋಡಿಸಿದ್ವಿ

ಹ್ವಾದ ತಿಂಗಳ ಒಂದ ಶನಿವಾರ ನಮ್ಮ ಆಫೀಸಿನ್ಯಾಗ ನಮ್ಮನ್ನೆಲ್ಲಾ ಕೂಡಿಸಿ ಆಟಾ ಆಡ್ಸಿದ್ರು. ನಗಬ್ಯಾಡ್ರಿ ವೈನಿ, ಖರೇನ. ಮನ್ಯಾಗ ಹೇಳಿದ್ರ ನಮ್ಮ ಅತ್ತಿಯವರು "ಪಗಾರ ಕೊಟ್ಟು ಆಟಾ ಆಡಸ್ತಾರ? ನಮ್ಮ ಕಾಲದಾಗ ಚೌಕಾಬಾರಾ ಹಾಸಿದ್ರ ಬೈಸ್ಕೋತಿದ್ವಿ" ಅಂದ್ರು.

ಬೆಂಗಳೂರಿಂದ ಒಬ್ರು ಟ್ರೇನರ್ ಮೇಡಮ್ ಬಂದಿದ್ರು. ಟೀಮ್ ಬಿಲ್ಡಿಂಗ್ ಅಂತ. ನಾವು 24 ಮಂದಿ, ಆರಾರು ಮಂದಿದು ನಾಕು ಟೇಬಲ್. ಟೇಬಲ್ಲಿಗೆ ಒಂದೊಂದು ಚೀಲ, ಅದರಾಗ 100 ರಟ್ಟಿನ ತುಣುಕು. ಹುಡುಗೂರು ಸೂಟಿಯೊಳಗ ಜೋಡಸ್ತಾರಲ್ಲಾ, ಆ ಜಿಗ್ಸಾ. ಅರ್ಧ ತಾಸಿನ್ಯಾಗ ಜೋಡಿಸಬೇಕು, ಯಾವ ಚಿತ್ರಾ ಅಂತ ಹೇಳಂಗಿಲ್ಲಾ.

ನಾ ನಮ್ಮ ಟೇಬಲ್ಲಿನ ಯಜಮಾನ್ತಿ ಆದೆ. ಮಕ್ಕಳ ಜೋಡಿ ಎಷ್ಟ ಜೋಡಿಸಿಲ್ಲಾ! "ಮೊದಲ ನಾಕು ಮೂಲಿ ಹುಡುಕ್ರಿ, ಆಮ್ಯಾಲೆ ಅಂಚು" ಅಂತ ಹುಕುಮ್ ಮಾಡಿದೆ. ಎಲ್ಲಾರೂ ಬಣ್ಣ ಇದ್ದದ್ದಕ್ಕ ಕೈ ಹಾಕಿದ್ರು. ಬರೇ ನೀಲಿ ಆಕಾಶ ಯಾರಿಗೂ ಬ್ಯಾಡ. ನಮ್ಮ ಅಕೌಂಟ್ಸ್‌ಗೆ ಐದು ತಿಂಗಳ ಹಿಂದ ಸೇರಿದ ಗದಗಿನ ಹುಡುಗಿ ಒಬ್ಬಾಕಿ ನೀಲಿ ತುಣುಕೆಲ್ಲಾ ತನ್ನ ಮುಂದ ಎಳಕೊಂಡ್ಲು. ಬಣ್ಣ ಒಂದ ಇದ್ರ ಆಕಾರ ನೋಡಬೇಕಲ್ಲಾ, ಎರಡು ಕಿವಿ ಚಾಚಿದ್ದು ಒಂದ ಕಡೆ, ಮೂರು ಚಾಚಿದ್ದು ಒಂದ ಕಡೆ ಇಟ್ಟು, ಸುಮ್ನ ಕೂತು ಹತ್ತು ನಿಮಿಷದಾಗ ಆಕಾಶ ಮುಗಿಸಿದ್ಲು.

ಅಷ್ಟೊತ್ತಿಗೆ ನಮಗೂ ಚಿತ್ರಾ ತಿಳೀತು. ಹಂಪಿ ಕಲ್ಲಿನ ರಥ, 50 ರೂಪಾಯಿ ನೋಟಿನ ಹಿಂದ ಇರ್ತದಲ್ಲಾ, ಅದ. ಆದ್ರ ಐದು ತುಣುಕು ಎಲ್ಲೂ ಕೂಡವಲ್ವು, ಚಿತ್ರದಾಗ ತೂತು ಬ್ಯಾರೆ ಉಳದಾವ. ಆ ಮೇಡಮ್ ಬೇಕಂತನ ಒಬ್ಬರ ತುಣುಕು ಇನ್ನೊಬ್ಬರ ಚೀಲದಾಗ ಹಾಕಿದ್ರು!

ಗೊತ್ತಾದ ಮ್ಯಾಲೂ ಯಾರೂ ಕೊಡವಲ್ರು. "ಅವರು ಕೊಟ್ರ ನಾವು ಕೊಡೋಣ" ಅಂದ್ರು ನಮ್ಮ ಕ್ಯಾಶಿನ ಕಾಕಾ. ಬಾಜೂ ಟೇಬಲ್ಲಿನವರೂ ಅದನ್ನ ಅಂದ್ರು. ಹಿಂಗ ಏಳೆಂಟು ನಿಮಿಷ ಹ್ವಾತು. ಕಡೀಗೆ ಆ ಹುಡುಗಿ ಐದೂ ತುಣುಕು ತೊಗೊಂಡು ಎದ್ದು, ಯಾರದು ಅವರಿಗೆ ಕೊಟ್ಟು ಬಂದ್ಲು. ತಿರುಗಿ ಏನೂ ಕೇಳ್ಲಿಲ್ಲಾ. ಎರಡ ನಿಮಿಷದಾಗ ನಮ್ಮ ತುಣುಕೂ ಬಂದ್ವು.

ಆದ್ರೂ ಒಂದ ತೂತು ಉಳೀತು, ನಟ್ಟನಡುವ, ರಥದ ಗಾಲ್ಯಾಗ. ಅಕಿ ಬಗ್ಗಿ ಹುಡುಕಿದ್ಲು, ಕಾಕಾ ಕಿಸೇ ಝಾಡಿಸಿದ್ರು. ಗಂಟಿ ಬಾರಿಸೋ ಹೊತ್ತಿಗೆ ನಾ ಮುಷ್ಟಿ ಬಿಚ್ಚಿ, ಆ ತುಣುಕು ಟಪ್ ಅಂತ ಕೂಡಿಸಿದೆ. ಸಣ್ಣಾಕಿದ್ದಾಗಿನ ಚಾಳಿ ನಂದು, ಕಡೀ ತುಣುಕು ನಾನ ಇಡಬೇಕಂತ ಅಣ್ಣನ ಕಣ್ಣು ತಪ್ಪಿಸಿ ಒಂದು ಮುಚ್ಚಿಟ್ಟುಕೋತಿದ್ದೆ. ಎಲ್ಲಾರೂ ಚಪ್ಪಾಳಿ ಹೊಡದು ನಕ್ಕರು. ಅಕೀನೂ ನಕ್ಕು, "ಅಕ್ಕಾರ, ಅದಕ್ಕ ನಾ ಮೂರ ಸಲ ಟೇಬಲ್ ಕೆಳಗ ಬಗ್ಗಿ ನೋಡಿದ್ನೆರಿ" ಅಂದ್ಲು.

ಆಮ್ಯಾಲೆ ಮೇಡಮ್ ಒಂದ ಸಂಗತಿ ಹೇಳಿದ್ರು. 1971ರಾಗ ಅಮೆರಿಕಾದ ಟೆಕ್ಸಸ್ಸಿನ ಆಸ್ಟಿನ್ ಊರಾಗ ಕರಿಯರು, ಬಿಳಿಯರು, ಮೆಕ್ಸಿಕೋ ಮೂಲದವರು, ಎಲ್ಲಾ ಮಕ್ಕಳನ್ನೂ ಒಂದ ಸಾಲಿಗೆ ಹಾಕಿದಾಗ ಒಬ್ಬರಿಗೊಬ್ಬರು ಆಗಿಬರ್ತಿದ್ದಿಲ್ಲಂತ. ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಪಾಠಾನ ತುಣುಕು ಮಾಡಿ ಒಬ್ಬೊಬ್ಬ ಹುಡುಗಗ ಒಂದೊಂದು ಕೊಟ್ರಂತ. ಅವನ ಮಾತು ಕೇಳದಿದ್ರ ಉಳಿದವರ ಪಾಠ ಪೂರ್ತಿ ಆಗಂಗಿಲ್ಲಾ.

ನನ್ನ ಲಕ್ಷ್ಯ ಅರ್ಧಾ ಅಲ್ಲಿರಲಿಲ್ಲಾ. ನನ್ನ ಡ್ರಾವರಿನ್ಯಾಗ ಒಂದು ಕೆಂಪು ರಟ್ಟಿನ ವಹಿ ಅದ. 11 ವರ್ಷದಿಂದ ಬರದದ್ದು. ಯಾವ ಪಾರ್ಟಿ ಯಾವ ಹೆಸರಿಲೆ ರೊಕ್ಕ ಹಾಕ್ತದ, ಯಾರ ಚೆಕ್ಕು ತಡಾ ಆಗ್ತದ, ಎಲ್ಲಾ. ಅದಿದ್ರ ತಿಂಗಳ ಕಡೀಗೆ ಬ್ಯಾಂಕಿನ ಲೆಕ್ಕಾ ಕೂಡಿಸೋದು ಎರಡ ತಾಸಿನ ಕೆಲಸಾ. ಆ ಹುಡುಗಿ ಎರಡ ಸಲ ಕೇಳಿದ್ಲು. "ಮಾಡ್ತ ಮಾಡ್ತ ತಿಳೀತದವಾ" ಅಂದು ಕೀಲಿ ಹಾಕಿದ್ದೆ. ಅಕಿ ರಾತ್ರಿ ಎಂಟರ ತನಕ ಕೂಡ್ತಿದ್ಲು, ನಾ ಆರಕ್ಕ ಮನಿಗೆ. ಕೊಟ್ಟುಬಿಟ್ರ ನನ್ನ ಕಡೆ ಏನ ಉಳೀತದ ಅನ್ನೋ ಹೆದರಿಕಿ, ಇನ್ನೇನ್ ಹೇಳ್ಲಿ. ನಮ್ಮ ಮೌಶಿ ಸಾರಿನ ಪುಡಿ ಅಳತಿ ಬರಿಸಿ ಒಂದ ಸಾಮಾನು ಬಿಡ್ತಾರಲ್ಲಾ, ಹಂಗ.

ಒಂದ ದಿನ ಆಟಾ ಆಡಿಸಿದ್ರ ಆಫೀಸು ಸುದ್ದ ಆಗ್ತದ ಅಂತ ನಾ ಹೇಳಂಗಿಲ್ಲಾ. ಮಧ್ಯಾಹ್ನ ಕಣ್ಣಿಗೆ ಅರಬಿ ಕಟ್ಟಿ ನಡಸಿದ್ದಂತೂ ಶುದ್ಧ ಟೈಮ್ ಪಾಸ್. ಕ್ಯಾಶಿನ ಕಾಕಾ ಬಾಜೂ ಟೇಬಲ್ಲಿನವರ ಜೋಡಿ ಇನ್ನೂ ಮಾತಾಡಂಗಿಲ್ಲಾ.

ಸೋಮವಾರ ವಹಿ ಅಕಿ ಟೇಬಲ್ ಮ್ಯಾಲೆ ಇಟ್ಟೆ. ಏನೂ ಹೇಳ್ಲಿಕ್ಕೆ ಬಾಯಿ ಬರಲಿಲ್ಲಾ. ಸಂಜೀಕ ಅಕಿನ ಬಂದು, "ಅಕ್ಕಾರ, 14ನೇ ಪುಟದಾಗ ಎರಡ ಪಾರ್ಟಿ ಹೆಸರು ಅದಲಿಬದಲಿ ಆಗ್ಯಾವ್ರಿ" ಅಂದ್ಲು. ನೋಡಿದ್ರ ಖರೇನ! ಮೂರು ವರ್ಷದಿಂದ ಪ್ರತಿ ತಿಂಗಳಾ ಅಲ್ಲೇ ನನ್ನ ಲೆಕ್ಕಾ ತಪ್ತಿತ್ತು.

ನಿನ್ನೆ ತಿಂಗಳ ಕಡೀ ದಿನ. ಇಬ್ಬರೂ ಕೂಡೇ ಆರೂವರಿ ಬಸ್ ಹಿಡದ್ವಿ.

ಮೌಶಿ, ನೀವು ಇದನ್ನ ಓದ್ತೀರಿ ಅಂತ ಗೊತ್ತದ ನನಗ. ಆ ಸಾರಿನ ಪುಡ್ಯಾಗ ಬಿಟ್ಟ ಸಾಮಾನು ಯಾವದ್ರಿ?