ಅಂಚು ಕಾಣಬೇಕು, ಕಾಲು ಕಾಣಬೇಕು

ಫೋಟೋ ತೆಗೆಯುವುದನ್ನು ಕಲಿಸುವ ಯಾವ ಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲೇ ಒಂದು ಮಾತು ಸಿಗುತ್ತದೆ: ಹತ್ತಿರ ಹೋಗಿ. ಬೇಡದ್ದನ್ನೆಲ್ಲ ಚೌಕಟ್ಟಿನಿಂದ ಆಚೆ ಹಾಕಿ, ಮುಖ ತುಂಬಿಸಿ, ಹಿಂದಿನದ್ದು ಮಸುಕಾಗಲಿ, ಮಗು ಕ್ಯಾಮೆರಾ ನೋಡದೆ ಇದ್ದರೆ ಇನ್ನೂ ಚೆಂದ. ನಮ್ಮ ಅವ್ವನ ಪುಸ್ತಕ ಬೇರೆ. ಅದು ಎಲ್ಲೂ ಅಚ್ಚಾಗಿಲ್ಲ, ಆದರೆ ಅದರ ಕಾನೂನು ಗಟ್ಟಿ. ಬಂದವರೆಲ್ಲ ಇರಬೇಕು. ನಿಂತವರ ಕಾಲು ಕಾಣಬೇಕು. ಸೀರೆಯ ಅಂಚು ಕಾಣಬೇಕು. ಎಲ್ಲರೂ ಇತ್ತ ನೋಡಬೇಕು. ಯಾವ ಊರಿಗೆ ಹೋಗಿದ್ದೆವೋ ಆ ಊರಿನ ಗುರುತು ಹಿಂದೆ ಇರಬೇಕು. ಮಕ್ಕಳಿಗೆ ಈ ಎರಡೂ ಶಾಸ್ತ್ರ ಗೊತ್ತಿಲ್ಲ. ಅವರು ಓಡುತ್ತಾರೆ.

ಧರೂರಿನವರಾದ ನಮಗೆ ಊಟಿ, ಮನಾಲಿ ದೂರದ ಮಾತು. ರಜೆ ಬಂತೆಂದರೆ ಗದ್ವಾಲದ ಕೋಟೆ, ಬೀಚುಪಲ್ಲಿಯ ಹನುಮಪ್ಪ, ಆಲಂಪುರ, ಕುರುವಪುರ, ಮಕ್ತಲ್ ದಾಟಿ ಕೃಷ್ಣಾದಲ್ಲಿರುವ ನೆಂಟರ ಮನೆ, ಅಲ್ಲಿಂದ ಹೊಳೆ ದಾಟಿದರೆ ರಾಯಚೂರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಬಸ್ಸಿನಲ್ಲಿ ಎರಡೂ. ಇಷ್ಟರೊಳಗೇ ನನ್ನ ಕ್ಯಾಮೆರಾ ಶಾಲೆ ನಡೆದಿದೆ. ಸೆಕೆಂಡ್ ಹ್ಯಾಂಡಾಗಿ ಕೊಂಡ ಡಿಎಸ್ಎಲ್ಆರ್, ಅದರ ಜೊತೆಗೆ ಬಂದ 18-55 ಲೆನ್ಸು, ಆಮೇಲೆ ಆಸೆಪಟ್ಟು ತಂದ 50 ಎಂಎಂ. ಹೊರಡುವ ಹೊತ್ತಿಗೆ ನನ್ನಾಕೆಯದು ಯಾವಾಗಲೂ ಒಂದೇ ಪ್ರಶ್ನೆ: "ನೀವು ಅದನ್ನ ಹಿಡ್ಕೊಂಡ್ರ ಚೀಲ ಯಾರು ಹಿಡೀಬೇಕ್ರಿ?"

ಊರಿಗೆ ಎಲ್ಲಕ್ಕಿಂತ ಹತ್ತಿರದ್ದು ಜುರಾಲಾ. ಕಡತದಲ್ಲಿ ಪ್ರಿಯದರ್ಶಿನಿ ಜುರಾಲಾ, ಬಾಯಲ್ಲಿ ಬರೀ ಜುರಾಲಾ ಡ್ಯಾಂ. 1981ರಲ್ಲಿ ಅಡಿಗಲ್ಲು ಹಾಕಿದ್ದು, ನೀರು ನಿಂತದ್ದು ತೊಂಬತ್ತರ ದಶಕದ ನಡುವೆ. ಮೇಲೆ ಆಲಮಟ್ಟಿ, ನಾರಾಯಣಪುರಗಳಿಂದ ನೀರು ಬಿಟ್ಟ ಸುದ್ದಿ ಬಂದರೆ ಸಾಕು, ಶ್ರಾವಣದ ಆಸುಪಾಸು ಇಲ್ಲಿಯ ಗೇಟುಗಳೂ ಏಳುತ್ತವೆ. ರಾಯಚೂರಿನಿಂದ ಮಹಬೂಬನಗರದವರೆಗಿನ ಬೈಕುಗಳೆಲ್ಲ ಇತ್ತ ತಿರುಗುತ್ತವೆ. ನೀರು ನೋಡುವುದು ಒಂದು ನೆಪ, ಅಲ್ಲಿ ಕರಿಯುವ ಮೀನು ಇನ್ನೊಂದು. ಶಟರ್ ಎಂದರೆ ಏನೆಂದು ತಿಳಿಯಲು ಈ ಗೇಟುಗಳಿಗಿಂತ ಒಳ್ಳೆಯ ಜಾಗ ಇಲ್ಲ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಟ್ಟರೆ ಹನಿ ಹನಿಯೂ ಗಾಳಿಯಲ್ಲಿ ನಿಂತುಬಿಡುತ್ತದೆ. ಹದಿನೈದರ ಒಂದು ಭಾಗಕ್ಕೆ ಇಳಿಸಿದರೆ ನೀರೆಲ್ಲ ಹೊಗೆಯಾಗುತ್ತದೆ. ಕೈಯಲ್ಲೇ ಹಿಡಿದು ಇಳಿಸಿದರೆ ಕಟ್ಟೆಯೂ ಹೊಗೆಯಾಗುತ್ತದೆ, ಕಂಬಿಯ ಮೇಲೆ ಒರಗಿಸಿಕೊಳ್ಳಬೇಕು. ಇದು ನಿರ್ಜೀವ ನೀರಿನ ಲೆಕ್ಕ. ಕಟ್ಟೆಯ ಮೇಲೆ ಓಡುವ ಹುಡುಗನಿಗೆ 1/500 ಬೇಕು, ಅವನು ಅಕ್ಕನಿಂದ ತಪ್ಪಿಸಿಕೊಳ್ಳುತ್ತಿದ್ದರೆ ಅದೂ ಸಾಲದು.

ಮೀನಿನ ಅಂಗಡಿಯೊಳಗೆ ಹೋದರೆ ಬೇರೆಯೇ ಪಾಠ. ಮೇಲೆ ನೀಲಿ ತಾಡಪಾಲು. ಹೊರಗಿನ ಬಿಸಿಲು ಅದರೊಳಗೆ ಹಾದು ಬಂದು ಮಕ್ಕಳ ಮುಖಕ್ಕೆಲ್ಲ ನೀಲಿ ಬಳಿಯುತ್ತದೆ. ಕಣ್ಣು ಇದನ್ನು ಕ್ಷಣದಲ್ಲಿ ಸರಿಮಾಡಿಕೊಳ್ಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾಕ್ಕೆ ಆ ಬುದ್ಧಿ ಇಲ್ಲ. ಬಿಳಿ ತಟ್ಟೆಯನ್ನು ತೋರಿಸಿ ಇದು ಬಿಳಿ ಎಂದು ಅದಕ್ಕೆ ಹೇಳಬೇಕು. ವೈಟ್ ಬ್ಯಾಲೆನ್ಸ್ ಅಂದರೆ ಇಷ್ಟೇ. ಅದಕ್ಕೂ ಸುಲಭದ ಉಪಾಯ ಎಂದರೆ ಮಕ್ಕಳನ್ನು ಅಂಗಡಿಯ ಅಂಚಿನ ಬೆಂಚಿಗೆ ಕೂಡಿಸುವುದು. ಅಲ್ಲಿ ತಾಡಪಾಲಿನ ನೆರಳು ಮುಗಿದು ಬಯಲಿನ ಬೆಳಕು ಪಕ್ಕದಿಂದ ಬರುತ್ತದೆ. ಮೀನು ಬಂದಮೇಲೆ ಅವರು ಅಲುಗುವುದೂ ಇಲ್ಲ. ಮಕ್ಕಳ ಫೋಟೋಕ್ಕೆ ಟ್ರೈಪಾಡಿಗಿಂತ ಕರಿದ ಮೀನು ಹೆಚ್ಚು ಉಪಯೋಗದ್ದು.

ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು ಎಂದು ಓದಿದಾಗಲೆಲ್ಲ ನನಗೊಂದು ಸಣ್ಣ ಹೊಟ್ಟೆಕಿಚ್ಚು. ಹಕ್ಕಿಯ ಜೊತೆ ಅದರ ಅಜ್ಜಿ ಬಂದಿರುವುದಿಲ್ಲ.

ಅಜ್ಜಿ ಬಂದದ್ದು ಆಲಂಪುರಕ್ಕೆ. ತುಂಗಭದ್ರೆಯ ದಂಡೆಯ ಮೇಲೆ ಬಾದಾಮಿಯ ಚಾಲುಕ್ಯರು ಏಳು-ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ನವಬ್ರಹ್ಮ ಗುಡಿಗಳು: ಹೆಸರು ಬ್ರಹ್ಮನದು, ಒಳಗಿರುವುದು ಶಿವ. ಬಾಲಬ್ರಹ್ಮ, ಸ್ವರ್ಗಬ್ರಹ್ಮ, ವಿಶ್ವಬ್ರಹ್ಮ ಎಂದು ಮಕ್ಕಳು ಹೆಸರು ಕೂಗುತ್ತ ಕಂಬದಿಂದ ಕಂಬಕ್ಕೆ ಓಡುತ್ತಿದ್ದರು. ಹೊಸ 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದಿಟ್ಟುಕೊಂಡು ಮಗಳ ಮುಖ ಹಿಡಿದೆ. ಎರಡು ಮೀಟರ್ ದೂರದಿಂದ ಹಾಗೆ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಗೇಣೂ ಇರುವುದಿಲ್ಲ. ಕಣ್ಣು ಫಳಫಳ, ಕಿವಿಯಿಂದಾಚೆ ಎಲ್ಲ ಕರಗಿದ ಬಣ್ಣ. ಪುಸ್ತಕದ ಪ್ರಕಾರ ನೂರಕ್ಕೆ ನೂರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನು ಅವ್ವನಿಗೆ ತೋರಿಸಿದೆ. ಆಕೆ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಗುಡಿ ಎಲ್ಲಿ ಹೋತೋ ತಮ್ಮ?"

"ಹಿಂದ ಐತಿ ಯವ್ವ, ಬೇಕಂತ ಮಸುಕು ಮಾಡೀನಿ."

"ಗುಡಿ ಬ್ಯಾಡ ಅಂದ್ರ ಇದನ್ನ ನಮ್ಮ ಹಿತ್ತಲದಾಗ ತಗೀಬಹುದಿತ್ತಲ. ಬಸ್ ಚಾರ್ಜರ ಉಳೀತಿತ್ತು."

ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಫೋಟೋ ಪ್ರದರ್ಶನ, ಸ್ಪರ್ಧೆಗಳ ತೀರ್ಪುಗಾರರಿಗೆ ಆ ಮಗು ಯಾರದು, ಯಾವ ಊರಿಗೆ ಹೋಗಿತ್ತು ಎಂಬುದು ಬೇಕಿಲ್ಲ. ಅವರಿಗೆ ಗುಡಿ ಅಡ್ಡಿ. ಅವ್ವನಿಗೆ ಮುಖ ಗೊತ್ತೇ ಇದೆ, ದಿನಾ ನೋಡುವ ಮುಖ. ಆ ಮುಖ ಎಲ್ಲಿಗೆ ಹೋಗಿತ್ತು ಎಂಬುದು ಬೇಕು. ನಾಲ್ಕು ಹೆಜ್ಜೆ ಹಿಂದೆ ಸರಿದು, ಎಫ್ 8ಕ್ಕೆ ಇಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಶಿಖರ ಸಮೇತ ಇನ್ನೊಂದು ತೆಗೆದೆ.

ಅವ್ವನ ವಾದಕ್ಕೆ ಆಲಂಪುರದಲ್ಲೇ ಬಲವಾದ ಸಾಕ್ಷಿ ಇದೆ. ಊರ ಬದಿಯಲ್ಲಿರುವ ಸಂಗಮೇಶ್ವರ ಗುಡಿ ಮೊದಲು ಅಲ್ಲಿರಲಿಲ್ಲ. ಕೃಷ್ಣೆ, ತುಂಗಭದ್ರೆ ಕೂಡುವ ಕೂಡವೆಲ್ಲಿಯಲ್ಲಿತ್ತು. ಶ್ರೀಶೈಲದ ಹಿನ್ನೀರಿಗೆ ಆ ಜಾಗ ಮುಳುಗುವುದೆಂದಾದಾಗ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಇಲ್ಲಿಗೆ ತಂದು ಮತ್ತೆ ಕಟ್ಟಿದರು. ಸಂಗಮದ ದಡದಲ್ಲಿ, ಅದೇ ಗುಡಿಯ ಮುಂದೆ ನಿಂತು ಹಿಂದೊಮ್ಮೆ ಯಾರಾದರೂ ಮನೆಮಂದಿಯ ಫೋಟೋ ತೆಗೆಸಿಕೊಂಡಿದ್ದರೆ, ಈಗ ಅದರ ಬೆಲೆ ನಿಂತವರ ಮುಖದಿಂದ ಬಂದದ್ದಲ್ಲ. ಹಿಂದಿನ ನೆಲದಿಂದ ಬಂದದ್ದು. ಜುರಾಲಾದ ನೀರಿನ ಕೆಳಗೂ ಹಾಗೆ ಕಟ್ಟೆ, ಬೇವಿನ ಮರ, ಬಾವಿಗಳಿವೆ. ಚೌಕಟ್ಟಿನಿಂದ ಆಚೆ ತಳ್ಳಬೇಕೆಂದು ನಾವು ಒದ್ದಾಡುವ ವಸ್ತುಗಳೇ, ಅಂದರೆ ಅಡ್ಡ ನಿಂತ ಸ್ಕೂಟರ್, ತೆಂಗಿನಕಾಯಿ ಅಂಗಡಿಯ ದರದ ಹಲಗೆ, ಸಿನಿಮಾ ಪೋಸ್ಟರು, ಮುಂದೆ ಎಲ್ಲರೂ ಬೆರಳಿಟ್ಟು ತೋರಿಸುವ ವಸ್ತುಗಳಾಗುತ್ತವೆ. ಹಳೆಯ ಆಲ್ಬಮ್ ತೆರೆದಾಗ ಮಕ್ಕಳು ಮೊದಲು ಕೇಳುವುದು ನಾನು ಯಾಕೆ ನಗುತ್ತಿಲ್ಲ ಎಂದಲ್ಲ. ಆ ಗಾಡಿ ಯಾರದು ಎಂದು.

ಹಿನ್ನೆಲೆ ಬೇಕು ಎಂದರೆ ಕಂಡದ್ದೆಲ್ಲ ಬೇಕು ಎಂದೂ ಅಲ್ಲ. ಕೃಷ್ಣಾ ಊರಿನ ಹತ್ತಿರ, ನಿಜಾಮರ ಕಾಲದ ಕಮಾನು ಸೇತುವೆಯ ಬಳಿ ನೆಂಟರ ಮಕ್ಕಳನ್ನು ನಿಲ್ಲಿಸಿದರೆ ಆಚೆ ದಡದಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಸರಿಯಾಗಿ ಒಬ್ಬೊಬ್ಬರ ನೆತ್ತಿಯಿಂದಲೇ ಏಳುತ್ತವೆ. ಮೂರು ಅಡಿ ಬಲಕ್ಕೆ ಸರಿದರೆ ಚಿಮಣಿ ಚಿಮಣಿಯ ಜಾಗದಲ್ಲಿ, ಮಗು ಮಗುವಿನ ಜಾಗದಲ್ಲಿ. ಆ ಊರಿನ ಮಕ್ಕಳಿಗೆ ಆ ಚಿಮಣಿಗಳೇ ದಿಕ್ಕಿನ ಗುರುತು. ಅವನ್ನು ಬಿಟ್ಟು ತೆಗೆದರೆ ಅದು ಅವರ ಊರಲ್ಲ. ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಗೋಡೆಯ ಮೇಲೆ ಕನ್ನಡ ಅಕ್ಷರ, ಗೇಟಿನ ಮೇಲೆ ತೆಲುಗು ಫಲಕ, ನಡುವೆ ಯೂನಿಫಾರ್ಮಿನ ಹುಡುಗ: ಅಂಥ ಫೋಟೋದಲ್ಲಿ ಹಿಂದಿನದನ್ನು ಮಸುಕು ಮಾಡಿದರೆ ಉಳಿಯುವುದೇನು?

ಅವ್ವನ ಕಾನೂನು ಹುಟ್ಟಿದ್ದು ಸ್ಟುಡಿಯೋದಲ್ಲಿ. ಆಗ ಫೋಟೋ ಎಂದರೆ ಹೊಸ ಸೀರೆ ಉಟ್ಟು, ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವ ಕಾರ್ಯಕ್ರಮ. ಅದಕ್ಕೂ ಹಿಂದೆ ಈ ಸೀಮೆ ಹೈದರಾಬಾದಿನ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮನ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಒಂದು ಸ್ಟುಡಿಯೋ ತೆರೆದಿದ್ದರು. ಒಬ್ಬ ಇಂಗ್ಲಿಷ್ ಮಹಿಳೆ ಅದನ್ನು ನೋಡಿಕೊಳ್ಳುತ್ತಿದ್ದಳು, ಗೋಷೆಯ ಮನೆತನದವರೂ ಅಲ್ಲಿಗೆ ಬರುತ್ತಿದ್ದರು. ಅಲ್ಲಿಂದ ತಾಲೂಕಿನ ಸ್ಟುಡಿಯೋದವರೆಗೆ ಕ್ಯಾಮೆರಾ ಇಳಿದು ಬರಲು ದಶಕಗಳು ಹಿಡಿದವು. ಖರ್ಚಿನ ವಸ್ತು, ಹಾಗಾಗಿ ಕಾಲು ಕಡಿದರೆ ಅರ್ಧ ದುಡ್ಡು ಹೋದ ಹಾಗೆ. ಮುಂದೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಕೆಲವರ ಮನೆಗೆ ಬಂತು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹನ್ನೆರಡರಲ್ಲಿ ಮಗುವಿನ ಕಣ್ಣೊಂದನ್ನೇ ತೆಗೆಯುವ ಧೈರ್ಯ ಯಾರಿಗಿತ್ತು? ಈಗ ಒಂದು ಕಾರ್ಡಿನಲ್ಲಿ ಸಾವಿರ ಹಿಡಿಯುತ್ತದೆ. ಧೈರ್ಯ ಬಂದದ್ದು ಕಲೆಯಿಂದಲ್ಲ, ಅಗ್ಗವಾದದ್ದರಿಂದ.

ಅಂಚಿನ ಮಾತಿಗೆ ಬರುತ್ತೇನೆ, ಏಕೆಂದರೆ ನನಗೆ ಬೆಳಕನ್ನು ಕಲಿಸಿದ್ದು ಅದು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ, ಎಳೆಗೆ ಎಳೆ ಕೊಂಡಿ ಹಾಕಿಸಿ ಕೂಡಿಸುತ್ತಾರೆ. ಫೋಟೋ ತೆಗೆಯುವವನಿಗೆ ಇದು ಒಂದೇ ಮೈಮೇಲೆ ಎರಡು ಸೀರೆ ಇದ್ದ ಹಾಗೆ. ತಿಳಿ ಬಣ್ಣದ ಹತ್ತಿಗೆ ಬೆಳಕು ಹೊಂದಿಸಿದರೆ ಗಾಢ ರೇಷ್ಮೆ ಕಪ್ಪಾಗುತ್ತದೆ, ರೇಷ್ಮೆಗೆ ಹೊಂದಿಸಿದರೆ ಹತ್ತಿ ಸುಣ್ಣವಾಗುತ್ತದೆ. ಫ್ಲ್ಯಾಶ್ ಹಾಕಿದರೆ ಜರಿ ಬರೀ ಬಿಳಿ ಗೆರೆ. ಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ಜರಿಯೂ ಇಲ್ಲ, ಅವ್ವನ ಕಣ್ಣೂ ಇಲ್ಲ, ಎರಡು ಕಪ್ಪು ಗುಳಿ. ಬೆಳಕು ಪಕ್ಕದಿಂದ ಬರಬೇಕು: ಬೆಳಗಿನ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲೆ, ಇಲ್ಲವೇ ಬಾಗಿಲ ಹತ್ತಿರ ಅಡ್ಡವಾಗಿ ನಿಲ್ಲಿಸಿ. ಆಗ ಜರಿಯ ಎಳೆ ಎಳೆ ಎದ್ದು ಬರುತ್ತದೆ, ಜೊತೆಗೆ ಮುಖದ ಸುಕ್ಕೂ. ಸುಕ್ಕಿಗೆ ಅವ್ವನದು ತಕರಾರಿಲ್ಲ, ಅಂಚು ಬಂದಿತಲ್ಲ.

ನಡು ಹಗಲಿನಲ್ಲೇ ತೆಗೆಯಬೇಕಾಗಿ ಬಂದರೆ ಮರ ಹುಡುಕಬೇಕು. ಕುರುವಪುರದಲ್ಲಿ ಆ ಕಷ್ಟವಿಲ್ಲ. ಶ್ರೀಪಾದ ಶ್ರೀವಲ್ಲಭರ ಆ ನಡುಗಡ್ಡೆ ರಾಯಚೂರು ಜಿಲ್ಲೆಗೆ ಸೇರಿದ್ದು. ನಾವು ಹೋಗುವುದು ಮಕ್ತಲ್ ಕಡೆಯ ಪಂಚದೇವ ಪಹಾಡದಿಂದ, ನೀರಿನ ಮೇಲೆ. ಟೆಂಬೆ ಸ್ವಾಮಿಗಳು ಕೂತಿದ್ದ ಗವಿ, ಹಳೆಯ ದೊಡ್ಡ ಆಲದ ಮರ. ಆಲದ ನೆರಳಿನ ಅಂಚಿನಲ್ಲಿ ಮಕ್ಕಳ ಮುಖ ಬಯಲಿನ ಕಡೆಗೆ ತಿರುಗಿದ್ದರೆ ಯಾರೂ ಕಣ್ಣು ಕಿರಿದು ಮಾಡುವುದಿಲ್ಲ. ಸ್ಟುಡಿಯೋದವರು ಛತ್ರಿ ಹಿಡಿದು ಮಾಡುವ ಬೆಳಕು ಇಲ್ಲಿ ಪುಕ್ಕಟೆ. ಆದರೆ ನೆರಳಿನ ನಡುವೆ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆ ಬೀಳುವ ಕಡೆ ನಿಲ್ಲಿಸಬಾರದು, ಮುಖವೆಲ್ಲ ಚಿರತೆ.

ಹರಿಗೋಲಿನ, ಅಂದರೆ ಪುಟ್ಟಿಯ, ಪಾಠ ಇನ್ನೂ ಚೆಂದ. ಈಗ ಯಂತ್ರದ ದೋಣಿಗಳೂ ಇವೆ. ಫೋಟೋದವನು ಪುಟ್ಟಿಯನ್ನೇ ಆರಿಸಬೇಕು. ಅದು ನೇರ ಹೋಗುವುದಿಲ್ಲ, ತಿರುಗುತ್ತ ಹೋಗುತ್ತದೆ. ಎದುರಿಗೆ ಕೂತ ಮಗನ ಹಿಂದೆ ಒಮ್ಮೆ ಸೂರ್ಯ, ಒಮ್ಮೆ ದಡದ ಬಂಡೆ, ಒಮ್ಮೆ ಬಟ್ಟ ಬಯಲು ನೀರು. ಹಿಂದಿನಿಂದ ಬಿಸಿಲು ಬಿದ್ದಾಗ ಕ್ಯಾಮೆರಾ ನೀರಿನ ಹೊಳಪಿಗೆ ಬೆದರಿ ಮುಖವನ್ನು ಕಪ್ಪು ಮಾಡುತ್ತದೆ. ಬೆಳಕನ್ನು ಒಂದು ಸ್ಟಾಪು ಹೆಚ್ಚು ಕೊಡಬೇಕು. ಪಕ್ಕಕ್ಕೆ ಬಂದಾಗ ಮತ್ತೆ ಇಳಿಸಬೇಕು. ಅಷ್ಟರಲ್ಲಿ ಪುಟ್ಟಿ ಇನ್ನೊಂದು ಸುತ್ತು ಹಾಕಿರುತ್ತದೆ. ನಾನು ಅಲುಗದೆ ಕೂತು ಬೆಳಕಿನ ಎಲ್ಲ ದಿಕ್ಕನ್ನೂ ನೋಡಿದ್ದು ಅಲ್ಲೇ. "ಅಪ್ಪ, ಮೊಸಳಿ ಐತೇನು?" ಎಂದು ಕೇಳುವ ಮಗನ ಮುಖ ಪ್ರತಿ ಸುತ್ತಿಗೂ ಬೇರೆ.

ಮಕ್ಕಳ ಫೋಟೋ ತೆಗೆಯುವುದು ದೊಡ್ಡವರ ಕೆಲಸ ಎಂದು ಯಾಕೆ ಅಂದುಕೊಂಡೆವೋ. ಕೊಡಾಕ್ ಕಂಪನಿ 1900ರಲ್ಲಿ ಒಂದು ಡಾಲರಿನ ಬ್ರೌನಿ ಪೆಟ್ಟಿಗೆ ಕ್ಯಾಮೆರಾ ಹೊರತಂದಾಗ ಅದನ್ನು ಮಕ್ಕಳಿಗೆಂದೇ ಮಾರಿತು. ಫ್ರಾನ್ಸಿನ ಲಾರ್ತಿಗ್ ಎಂಬಾತನಿಗೆ ಬಾಲ್ಯದಲ್ಲೇ ಅಪ್ಪ ಕ್ಯಾಮೆರಾ ಕೊಡಿಸಿದ್ದ. ಆ ಹುಡುಗ ಹೆಚ್ಚಾಗಿ ತೆಗೆದದ್ದು ಮನೆಯವರನ್ನು, ಅವರ ಆಟಗಳನ್ನು: ಮೆಟ್ಟಿಲಿನಿಂದ ಹಾರುವ ಸಂಬಂಧಿ ಹುಡುಗಿ, ಓಡುವ ಅಣ್ಣ, ಬೀಳುವ ಗಾಡಿ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ್ನು ಗೋಡೆಗೆ ಹಾಕಿದಾಗ ಆತನಿಗೆ ಅರವತ್ತೊಂಬತ್ತು. ಅವನ ಫೋಟೋಗಳಲ್ಲಿ ಕಾಲು ಕಾಣುತ್ತವೆ. ನೆಲದ ಮೇಲಿಲ್ಲ, ಅಷ್ಟೇ.

ಬೀಚುಪಲ್ಲಿಯಲ್ಲಿ, ಹೆದ್ದಾರಿಯ ಸೇತುವೆ ಕಾಣುವ ದಂಡೆಯ ಮೇಲೆ ಕೂತು ಕಟ್ಟಿಕೊಂಡು ಹೋದ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದಾಗ ಕ್ಯಾಮೆರಾವನ್ನು ಮಗಳ ಕೊರಳಿಗೆ ಹಾಕಿದೆ. ಅದನ್ನು ಆಟೋ ಮೋಡಿನಲ್ಲಿ ಇಟ್ಟೆ, ಬೇರೇನೂ ಹೇಳಲಿಲ್ಲ. ಅವಳ ಎತ್ತರ ಮೂರೂವರೆ ಅಡಿ. ರಾತ್ರಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಅಲ್ಲಿ ಬೇರೆಯದೇ ಪ್ರವಾಸ. ನನ್ನ ಬೆಲ್ಟಿನ ಬಕಲ್ಲು. ಅವಳಮ್ಮನ ಕೈಯಲ್ಲಿ ನಾಲ್ಕು ಚೀಲ. ತಮ್ಮನ ಮೂಗಿನ ಹೊಳ್ಳೆ, ಕೆಳಗಿನಿಂದ. ಒಂದು ಮಂಗ, ಅದರ ಕಣ್ಣಿನ ಮಟ್ಟದಲ್ಲೇ. ನಾನು ನೆಲಕ್ಕೆ ಮಲಗಿದರೂ ಅದು ನನ್ನನ್ನು ಹಾಗೆ ನೋಡುತ್ತಿರಲಿಲ್ಲ. ಮತ್ತೆ ಅವ್ವ: ಬಾಯಿ ತೆರೆದು, ಅರ್ಧ ಮಿರ್ಚಿ ಒಳಗೆ ಅರ್ಧ ಹೊರಗೆ, ಖಾರಕ್ಕೆ ಒಂದು ಕಣ್ಣು ಮುಚ್ಚಿ. ಅಂಚಿಲ್ಲ, ಕಾಲಿಲ್ಲ, ಬೀಚುಪಲ್ಲಿಯೂ ಇಲ್ಲ.

"ಅಯ್ಯ, ಇದನ್ನ ಅಳಿಸ್ರಿ ಮೊದಲ," ಎಂದಳು ಅವ್ವ. "ನೋಡಿದೋರು ಏನಂದಾರು? ಸೀರಿ ಸೆರಗ ಸೈತ ಕಾಣವಲ್ದು."

ಮಗಳು ಕೀಬೋರ್ಡಿನ ಮೇಲೆ ಎರಡೂ ಕೈ ಅಡ್ಡ ಇಟ್ಟಳು.

"ಅಳಿಸಂಗಿಲ್ಲಜ್ಜಿ. ನೀ ಬೇಕಂದ್ರ ನಿನ್ನ ಫೋಟೋ ಅಪ್ಪನ ಕಡೆ ತಗಿಸ್ಕೋ. ಇದು ನಂದು."