ಕಿಟಕಿಯ ಕಣಜ, ಮನೆಯ ಅತ್ತೆ

ನಿಮ್ಮ ಅಡುಗೆಮನೆಯ ಕಿಟಕಿಯಲ್ಲೂ ಎಂದಾದರೂ ಕಣಜದ ಹುಳು ಗೂಡು ಕಟ್ಟಿರಬಹುದು. ನೀವೂ ಪೊರಕೆ ಹಿಡಿದು ನಿಂತಿರಬಹುದು. ಹಲಗೂರಿನ ನನ್ನ ತವರುಮನೆಯಲ್ಲಿ ನಾನು ಹಾಗೆ ನಿಂತಾಗ ತಡೆದವರು ನನ್ನ ಸೋದರತ್ತೆ. "ಬುಡವ್ವ, ಅವೂ ಸಂಸಾರ ಕಟ್ಕೊಂಡವೆ" ಎಂದರು.

ಈ ಅತ್ತೆಯ ವಿಷಯ ನಿಮಗೆ ಹೇಳಲೇಬೇಕು. ನನಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಕಿರಿಯ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆಯೇ ನಮ್ಮ ಮೂವರನ್ನೂ ಅಂಬಲಿ ಕುಡಿಸಿ, ತಲೆ ಬಾಚಿ, ದೊಡ್ಡವರನ್ನಾಗಿ ಮಾಡಿದರು. ಈಗ ತಂದೆಯೂ ಇಲ್ಲ. ತಮ್ಮಂದಿರು ಮನೆ ಮಾರುವ ಮಾತೆತ್ತಿದ್ದಾರೆ. ಯಾರಿಗೆ ಎಷ್ಟು ಪಾಲು ಎಂದು ಲೆಕ್ಕವಾಯಿತು. ಅತ್ತೆ ಎಲ್ಲಿರಬೇಕೆಂದು ಯಾರೂ ಕೇಳಲಿಲ್ಲ. ನಾನು ಕೇಳಿದ್ದಕ್ಕೆ ದೊಡ್ಡ ತಮ್ಮ, "ಶಕ್ತಿ ಇದ್ದೋರು ಉಳೀತಾರೆ ಅಕ್ಕ, ಅದು ಪ್ರಕೃತಿ ನಿಯಮ" ಎಂದುಬಿಟ್ಟ.

ಮನಸ್ಸಿಗೆ ಚುಚ್ಚಿತು. ಜೀವಶಾಸ್ತ್ರ ಓದುತ್ತಿರುವ ಮಗಳನ್ನು ಕೇಳಿದೆ. ಅವಳು ನಕ್ಕಳು. ಬಲಶಾಲಿಯೇ ಉಳಿಯುತ್ತಾನೆ ಎಂದು ಜನ ಆಡುವ ಮಾತು ಹುಟ್ಟಿದ್ದು ಡಾರ್ವಿನ್ನನಿಂದಲ್ಲವಂತೆ. 1864ರಲ್ಲಿ ಸ್ಪೆನ್ಸರ್ ಎಂಬಾತ ಬರೆದದ್ದರಿಂದ. ಪ್ರಕೃತಿಯ ಆಯ್ಕೆಯಲ್ಲಿ ಉಳಿಯುವುದು ತೋಳ್ಬಲ ಒಂದೇ ಅಲ್ಲ, ಮುಂದಿನ ತಲೆಮಾರನ್ನು ಉಳಿಸುವ ಯಾವ ಗುಣವಾದರೂ ಸರಿ.

"ಅಜ್ಜಿ ಉಳಿಸಿದ ಕಣಜವನ್ನೇ ನೋಡಮ್ಮ" ಎಂದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಇಂಥ ಕಣಜಗಳನ್ನೇ ಅಭ್ಯಾಸ ಮಾಡಿದವರು. ಗೂಡಿನಲ್ಲಿ ಮೊಟ್ಟೆ ಇಡುವುದು ಒಬ್ಬಳು ರಾಣಿ; ಉಳಿದ ಹೆಣ್ಣುಗಳು ಅವಳ ಮರಿಗಳನ್ನು ಸಾಕುತ್ತವೆ. ಏಕೆ ಗೊತ್ತೆ? ಮೊಟ್ಟೆ ಬೆಳೆದು ಹುಳುವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿ ತಾಯಿ ನಡುವೆ ಸತ್ತರೆ ಮರಿಗಳೂ ಸತ್ತಂತೆಯೇ. ಗುಂಪಿನಲ್ಲಾದರೆ ಒಬ್ಬಳು ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬಳು ಮುಗಿಸುತ್ತಾಳೆ.

ಕೇಳುತ್ತ ನನ್ನ ಕಣ್ಣು ತುಂಬಿತು. ನಮ್ಮ ಮನೆಯ ಕಥೆಯೂ ಅದೇ ಅಲ್ಲವೆ?

1964ರಲ್ಲಿ ಹ್ಯಾಮಿಲ್ಟನ್ ಎಂಬ ವಿಜ್ಞಾನಿ ಇದಕ್ಕೊಂದು ಲೆಕ್ಕ ಕೊಟ್ಟನಂತೆ: ಒಡಹುಟ್ಟಿದವರ ಮಕ್ಕಳಲ್ಲಿ ನಮ್ಮ ರಕ್ತದ ಕಾಲುಭಾಗ ಇರುತ್ತದೆ, ಅವರನ್ನು ಸಾಕಿದರೆ ನಮ್ಮ ವಂಶವೂ ಉಳಿಯುತ್ತದೆ. "ಹಾಗಾದರೆ ಅತ್ತೆಯ ಪ್ರೀತಿ ಬರೀ ಲೆಕ್ಕವೇನೆ?" ಎಂದು ರೇಗಿದೆ. "ಅಲ್ಲಮ್ಮ, ಆ ಗುಣ ಹೇಗೆ ಬಂತು ಅಂತ ವಿಜ್ಞಾನ ಹೇಳುತ್ತೆ. ನಾವು ಹೇಗೆ ನಡ್ಕೋಬೇಕು ಅನ್ನೋದನ್ನ ನಾವೇ ತೀರ್ಮಾನಿಸಬೇಕು" ಎಂದಳು.

ನಿಜವೇ. ಕೂಲಿಗೆ ಹೋಗುತ್ತಿದ್ದ ಪಕ್ಕದ ಮನೆಯವಳ ಮಗುವಿಗೂ ಅತ್ತೆ ನಮ್ಮ ಜೊತೆಯಲ್ಲೇ ಮುದ್ದೆ ನುಂಗಿಸಿದ್ದರು. ಅದರಲ್ಲಿ ಯಾವ ಕಾಲುಭಾಗ?

ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತೀರಿಸುವ ಜನ ನಾವು. ಸಾಕಿದವರ ಮುಯ್ಯಿ ಮರೆಯಬಹುದೆ? ಮನೆ ಮಾರಾಟಕ್ಕೆ ನನ್ನ ಸಹಿಯೂ ಬೇಕು. ಅತ್ತೆಗೊಂದು ಪಾಲು ಬರೆಯುವವರೆಗೂ ಹಾಕುವುದಿಲ್ಲವೆಂದು ತಮ್ಮಂದಿರಿಗೆ ಹೇಳಿದ್ದೇನೆ. ಅವರಿಗೆ ಕೋಪ ಬಂದಿದೆ, ಇರಲಿ.

ಕಿಟಕಿಯ ಗೂಡು ಹಾಗೇ ಇದೆ. ನಿಮ್ಮ ಮನೆಯಲ್ಲೂ ಇಂಥ ಅತ್ತೆಯೋ ಚಿಕ್ಕಮ್ಮನೋ ಇದ್ದರೆ, ಇವತ್ತು ಹತ್ತಿರ ಕೂತು ಒಂದು ಲೋಟ ಕಾಫಿ ಕೊಡಿ.