ಇಪ್ಪತ್ಮೂರು ಎಸೆತದ ಸೊನ್ನೆ

ಮೆಟ್ರೋದಲ್ಲಿದೀನಿ. ಎದುರಿಗೆ ಒಬ್ಬ ಹುಡುಗ, ಹನ್ನೆರಡು ಹದಿಮೂರು ಇರಬಹುದು. ಕಿಟ್ ಬ್ಯಾಗನ್ನ ಎರಡು ಕಾಲ ಮಧ್ಯೆ ನಿಲ್ಲಿಸ್ಕೊಂಡು, ಬೆವರಿಗೆ ನೆನೆದ ಗ್ಲೌಸ್ ಒಣಗಲಿ ಅಂತ ಜಿಪ್ಪಿಗೆ ಸಿಕ್ಕಿಸಿದಾನೆ. ಪಕ್ಕದಲ್ಲಿ ಅಪ್ಪ. ‘ಎಷ್ಟು ಹೊಡ್ದೆ?’ ಅಂದ್ರು. ‘ಸೊನ್ನೆ. ಆದ್ರೆ ತುಂಬಾ ಹೊತ್ತು ಆಡ್ದೆ ಅಪ್ಪಾ.’ ಅಪ್ಪ ಮೊಬೈಲಿಂದ ತಲೆ ಎತ್ತಲೇ ಇಲ್ಲ.

ನಂಗೆ ತಕ್ಷಣ ದೇವದತ್ತ ಪಡಿಕ್ಕಲ್ ನೆನಪಾದ. 2024ರ ನವೆಂಬರ್, ಆಸ್ಟ್ರೇಲಿಯಾ ವಿರುದ್ಧದ ಪರ್ತ್ ಟೆಸ್ಟ್. ಶುಭಮನ್ ಗಿಲ್ ಬೆರಳಿಗೆ ಪೆಟ್ಟಾಗಿ, ನಮ್ಮ ಹುಡುಗ ಮೂರನೇ ಕ್ರಮಾಂಕಕ್ಕೆ ಇಳಿದ. 23 ಎಸೆತ ಆಡಿ ಸೊನ್ನೆ ಸುತ್ತಿ ಬಂದ. ಎರಡನೇ ಇನಿಂಗ್ಸಲ್ಲಿ 71 ಎಸೆತಕ್ಕೆ 25. ಆ ಟೆಸ್ಟ್ ಅಂದ್ರೆ ಜೈಸ್ವಾಲ್‌ನ 161, ಕೊಹ್ಲಿ ಶತಕ, ಬೂಮ್ರಾ, ಅಷ್ಟೇ. ಸರಿನೇ ಬಿಡಿ, ಗೆಲ್ಲಿಸಿದ್ದು ಅವರೇ. ಅಂದಹಾಗೆ ಮೊದಲ ಇನಿಂಗ್ಸಲ್ಲಿ ಜೈಸ್ವಾಲ್‌ದೂ ಸೊನ್ನೆನೇ, ಅದು ಯಾರಿಗೂ ನೆನಪಿಲ್ಲ!

ಅದೇ ವರ್ಷ ಮಾರ್ಚಲ್ಲಿ ಧರ್ಮಶಾಲಾದಲ್ಲಿ ಪಡಿಕ್ಕಲ್ ಮೊದಲ ಟೆಸ್ಟಲ್ಲೇ 65 ಹೊಡೆದಿದ್ದ. ಅದೂ ಮರೆತೇಹೋಯ್ತು. ಐಪಿಎಲ್ ನೋಡಿ ನೋಡಿ ನಮಗೆ ಖಾಲಿ ಎಸೆತ ಅಂದ್ರೆ ಅಪರಾಧ ಆಗ್ಬಿಟ್ಟಿದೆ. ಪರ್ತ್‌ನಲ್ಲಿ ಹೊಸ ಚೆಂಡಿನ ಮುಂದೆ 23 ಎಸೆತ ನಿಂತಿದ್ದು ಲೆಕ್ಕಕ್ಕೇ ಇಲ್ವಾ?

ನೀವೇ ಹೇಳಿ. ನಾನೊಬ್ಬನೇನಾ ಹಿಂಗೆ ಯೋಚಿಸೋದು?

(ಹುಡುಗ ಇಳಿದುಹೋದ. ಗ್ಲೌಸ್ ಇನ್ನೂ ಒಣಗಿರಲಿಲ್ಲ.)